ಗೋಡೆಯಾಚೆಯ ಬೀಡಿ

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಬಸ್ಸಿನಲ್ಲಿ ಹೋಗುವವರಿಗೆ, ಆಗಸ್ಟ್ ಕಳೆಯುತ್ತ ಬಂದಂತೆ ಹೊಲಗಳ ನಡುವಿನ ಎತ್ತರದ ಕಿರುಮನೆಗಳಿಂದ ಹೊಗೆ ಏಳುವುದು ಕಾಣುತ್ತದೆ. ಅವು ವರ್ಜೀನಿಯಾ ತಂಬಾಕನ್ನು ಹದ ಮಾಡುವ ಬ್ಯಾರನ್‌ಗಳು. ಕಡ್ಡಿಗಳಿಗೆ ಕಟ್ಟಿದ ಹಸಿರೆಲೆಯನ್ನು ಒಳಗೆ ಸಾಲಾಗಿ ತೂಗುಹಾಕಿ, ಒಲೆಗೆ ಹೊರಗಿನಿಂದ ಸೌದೆ ಒಟ್ಟುತ್ತಾರೆ. ಹೊಗೆ ಕೊಳವೆಯಲ್ಲೇ ಸುತ್ತಿ ಹೊರಗೆ ಹೋಗುತ್ತದೆ. ಎಲೆಗೆ ತಾಗುವುದು ಬರೀ ಕಾವು. ಹೊಗೆ ತಾಗಿದರೆ ಬಣ್ಣ, ವಾಸನೆ ಕೆಡುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ. ಹಾಗಾಗಿ ಮನೆಮಂದಿಯೆಲ್ಲ ನಿದ್ದೆಗೆಟ್ಟು ಐದಾರು ದಿನ ಕಾಯುತ್ತಾರೆ.

ಎಲೆಗೆ ಹೊಗೆ ತಾಗಬಾರದೆಂದು ಇಷ್ಟು ಎಚ್ಚರ ವಹಿಸುವ ಸೀಮೆಯಲ್ಲಿ ಮಗುವಿಗೆ ಹೊಗೆ ತಾಗಬಾರದೆಂಬ ಎಚ್ಚರ ಎಷ್ಟಿದೆ?

ಈ ತಂಬಾಕಿನ ಸೀಮೆಯಲ್ಲೇ ಬೈಲಕುಪ್ಪೆ ಇದೆ. 1960ರ ಕೊನೆಯಲ್ಲಿ ಇಲ್ಲಿಗೆ ಬಂದ ಟಿಬೆಟನ್ನರು ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡುಭೂಮಿಯನ್ನು ಹಸನುಮಾಡಿ ಮನೆ ಕಟ್ಟಿಕೊಂಡರು. 1969ರಲ್ಲಿ ಎರಡನೆಯ ವಸಾಹತೂ ಬಂತು. ಇಂದು ಅಲ್ಲಿ ಕ್ಯಾಂಪುಗಳ ಮನೆಗಳಿವೆ, ನೋಡಿಕೊಳ್ಳುವವರಿಲ್ಲದ ಹಿರಿಯರಿಗೆ ವೃದ್ಧಾಶ್ರಮವಿದೆ, ಸೆರಾ ಮತ್ತು ನಮ್‌ಡ್ರೋಲಿಂಗ್ ಮಠಗಳಲ್ಲಿ ಸಾವಿರಾರು ಭಿಕ್ಷುಗಳು ಒಟ್ಟಿಗೆ ವಾಸಿಸುತ್ತಾರೆ. ಸಿಗರೇಟನ್ನು ಮಠಗಳು ದೂರವೇ ಇಟ್ಟಿವೆ. ಆದರೆ ಹಳೆಯ ಭಿಕ್ಷುಗಳಲ್ಲಿ ನಶ್ಯದ ಚಟ ಅಪರೂಪವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಟಿಬೆಟನ್ ನಿರಾಶ್ರಿತರಲ್ಲಿ ಕ್ಷಯರೋಗದ ಹಾವಳಿ ಹೆಚ್ಚೆಂದು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ತಂಬಾಕಿನ ಹೊಗೆ ಕ್ಷಯಕ್ಕೆ ದಾರಿ ಸುಗಮ ಮಾಡುತ್ತದೆ. ಒಂದೇ ಸೂರಿನಡಿ ಹಲವರು ಮಲಗುವ ಕಡೆ ಯಾರ ಬೀಡಿ ಯಾರ ಶ್ವಾಸಕೋಶಕ್ಕೆ ಹೋಗುತ್ತದೆ ಎಂಬುದು ಆದ್ದರಿಂದಲೇ ಸಣ್ಣ ಪ್ರಶ್ನೆಯಲ್ಲ.

ಈ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರಗಳಲ್ಲೊಂದು ಬಂದದ್ದು ಜಪಾನಿನಿಂದ. ತಕೇಶಿ ಹಿರಾಯಾಮ ಎಂಬ ವಿಜ್ಞಾನಿ ತಾವು ಎಂದೂ ಸೇದದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿ, 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಪರೀತ ಸೇದುವ ಗಂಡಂದಿರ ಹೆಂಡತಿಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸುಮಾರು ಎರಡರಷ್ಟಿತ್ತು. ತಂಬಾಕು ಕಂಪನಿಗಳು ಸುಮ್ಮನಿರಲಿಲ್ಲ, ವರ್ಷಗಟ್ಟಲೆ ತಕರಾರು ತೆಗೆದವು. ಮುಂದಿನ ಅಧ್ಯಯನಗಳು ಹಿರಾಯಾಮ ಹೇಳಿದ್ದನ್ನೇ ಹೇಳಿದವು.

"ಕಿಟಕಿ ತೆರೆದು ಸೇದುತ್ತೇನಲ್ಲ" ಎನ್ನುವ ಅಪ್ಪಂದಿರು ಬಹಳ. 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಇದಕ್ಕೂ ಉತ್ತರ ಕೊಟ್ಟಿತು: ಬೇರೆ ಕೋಣೆ, ಫ್ಯಾನು, ಕಿಟಕಿ ಯಾವುದೂ ಪೂರ್ತಿ ರಕ್ಷಣೆಯಲ್ಲ, ಅಪಾಯವಿಲ್ಲದಷ್ಟು ಸ್ವಲ್ಪ ಹೊಗೆ ಎಂಬುದೂ ಇಲ್ಲ. ಸೇದುವವರು ಎಳೆದು ಬಿಟ್ಟ ಹೊಗೆಗಿಂತ, ಎರಡು ದಮ್ಮುಗಳ ನಡುವೆ ಬೆರಳ ಸಂದಿಯಲ್ಲಿ ಸುಮ್ಮನೆ ಉರಿಯುವ ತುದಿಯ ಹೊಗೆಯೇ ಕೋಣೆಯಲ್ಲಿ ಹೆಚ್ಚು ತುಂಬುತ್ತದೆ. ಭಾರತದಲ್ಲಿ 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 100ಕ್ಕೆ ಸುಮಾರು 39 ಮಂದಿ ಮನೆಯಲ್ಲೇ ಇಂಥ ಹೊಗೆ ಕುಡಿಯುತ್ತಿದ್ದರು.

ಕಾನೂನು ಏನು ಹೇಳುತ್ತದೆ? 2003ರ ಕಾಯಿದೆ, 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಬಸ್ಸು, ಕಚೇರಿ, ಶಾಲೆ, ಹೋಟೆಲು, ಆಸ್ಪತ್ರೆಗಳನ್ನು ಕಾಯುತ್ತವೆ. ಕರ್ನಾಟಕ 2025ರಲ್ಲಿ ತನ್ನ ತಿದ್ದುಪಡಿ ಜಾರಿಗೆ ತಂದು ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು, ಬಿಡಿ ಸಿಗರೇಟು ಮಾರಾಟ ನಿಷೇಧಿಸಿತು. ಆದರೆ ಮನೆಯ ಹೊಸ್ತಿಲಲ್ಲಿ ಕಾನೂನು ನಿಲ್ಲುತ್ತದೆ. ಸ್ವಂತ ತೋಟದ ನಡುವೆ ಮನೆ ಇದ್ದವರಿಗೆ ಅದು ಅವರವರ ಮನೆಯ ವಿಷಯ. ಕೊಳಚೆ ಅಭಿವೃದ್ಧಿ ಮಂಡಳಿಯ ಮಹಡಿ ಮನೆಗಳಲ್ಲಿ, ವಠಾರದಲ್ಲಿ, ವೃದ್ಧಾಶ್ರಮದ ಸಾಲುಕೋಣೆಗಳಲ್ಲಿ ಒಂದು ಗೋಡೆಗೆ ಎರಡು ಸಂಸಾರ. ಪಕ್ಕದ ಮನೆಯ ಅಜ್ಜ ಬೆಳಗಿನ ಬೀಡಿ ಹಚ್ಚಿದರೆ ಈಚೆಗೆ ಪರೀಕ್ಷೆಗೆ ಓದುತ್ತ ಕುಳಿತ ಹುಡುಗಿಗೆ ಉಬ್ಬಸ. ಅನುಕೂಲಸ್ಥರು ಮನೆ ಬದಲಿಸಿಯಾರು. ಕಡಿಮೆ ಬಾಡಿಗೆಯ ಮನೆ ಸಿಕ್ಕಿದ್ದೇ ಪುಣ್ಯ ಎನ್ನುವವರು ಎಲ್ಲಿಗೆ ಹೋಗುವುದು?

ಅಮೆರಿಕದ ವಸತಿ ಇಲಾಖೆ ಬಡವರಿಗಾಗಿ ನಡೆಸುವ ಸಾರ್ವಜನಿಕ ವಸತಿಗಳಲ್ಲಿ ಇದೇ ತೊಡಕನ್ನು ಎದುರಿಸಿತು. 2016ರ ಕೊನೆಗೆ ನಿಯಮ ಹೊರಡಿಸಿ, 2018ರ ಜುಲೈ ಅಂತ್ಯದವರೆಗೆ ಅವಧಿ ಕೊಟ್ಟಿತು. ಮನೆಯೊಳಗೆ, ಮೆಟ್ಟಿಲಲ್ಲಿ, ಕಟ್ಟಡದಿಂದ 25 ಅಡಿಯೊಳಗೆ ಸಿಗರೇಟು ಹಚ್ಚುವಂತಿಲ್ಲ. ಸೇದುವವರಿಗೆ ಮನೆ ಕೊಡುವುದಿಲ್ಲ ಎಂದು ಅದು ಹೇಳಲಿಲ್ಲ. ಎಲ್ಲಿ ಸೇದಬಾರದು ಎಂದಷ್ಟೇ ಹೇಳಿತು. ಆದರೂ ಆಕ್ಷೇಪಗಳು ಬಂದವು. ನಡೆಯಲಾರದ ಮುದುಕಿ ಚಳಿಯಲ್ಲಿ 25 ಅಡಿ ಹೋಗಬೇಕೇ? ಮನೋರೋಗದಿಂದ ಬಳಲುವವರಿಗೆ ಸಿಗರೇಟೊಂದೇ ಸಮಾಧಾನವಾಗಿದ್ದರೆ? ನಿಯಮ ಮುರಿದವರನ್ನು ಬೀದಿಗೆ ತಳ್ಳಿದರೆ ಆರೋಗ್ಯ ಉಳಿದಂತಾಯಿತೇ? ಇವು ಹಾರಿಸಿಬಿಡುವ ಪ್ರಶ್ನೆಗಳಲ್ಲ.

ಬಿಗಿ ಮಾಡಿದರೆ ಸಾಕು ಎನ್ನುವವರು ಭೂತಾನವನ್ನು ನೋಡಬಹುದು. 2004ರಲ್ಲಿ ಅಲ್ಲಿ ತಂಬಾಕು ಮಾರಾಟವನ್ನೇ ನಿಷೇಧಿಸಿದರು, 2010ರ ಕಾಯಿದೆಯಲ್ಲಿ ಜೈಲುಶಿಕ್ಷೆಯನ್ನೂ ಸೇರಿಸಿದರು. ಗಡಿಯಾಚೆಯಿಂದ ಕಳ್ಳಮಾಲು ಬರುತ್ತಲೇ ಇತ್ತು. ಕೊನೆಗೆ 2021ರಲ್ಲಿ ಮಾರಾಟಕ್ಕೆ ಮತ್ತೆ ದಾರಿ ಬಿಟ್ಟರು.

ಹಾಗಾಗಿ ವಸತಿಯಲ್ಲಿ ಇಂಥ ನಿಯಮ ತರುವವರು ಬೋರ್ಡು ಬರೆಸುವುದಕ್ಕೆ ಮೊದಲು ಎಲ್ಲರನ್ನೂ ಕೂರಿಸಿ ಕೇಳಬೇಕು, ಮುಖ್ಯವಾಗಿ ಸೇದುವವರನ್ನು. ನಾಲ್ಕಾರು ತಿಂಗಳ ಗಡುವು ಬೇಕು. ಬಿಡಬೇಕೆನ್ನುವವರಿಗೆ ಆಸರೆ ಬೇಕು. 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಸಲಹೆ ಸಿಗುತ್ತದೆ, ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಕೆಲಸದಲ್ಲಿದೆ. ಐವತ್ತು ವರ್ಷದ ಚಟ ಒಂದು ನೋಟಿಸಿಗೆ ಹೋಗುವುದಿಲ್ಲ. ತಪ್ಪಿದವರಿಗೆ ಮೊದಲು ಮಾತು, ಆಮೇಲೆ ಮತ್ತೊಮ್ಮೆ ಮಾತು. ಮನೆ ಬಿಡಿಸುವ ಮಾತು ಬೇಡವೇ ಬೇಡ.

ವಿದ್ಯಾರ್ಥಿ ನಿಲಯಗಳ ಮಾತು ಬೇರೆ. ಅಲ್ಲಿರುವವರು ಹರೆಯದವರು; ಅಲ್ಲಿ ಆರಂಭಿಸಿದ ಚಟ ಸಂಬಳ ಬರುವ ಹೊತ್ತಿಗೆ ಬೇರೂರಿರುತ್ತದೆ. ನಿಲಯಕ್ಕೆ ಸೇರಿಸುವಾಗ ಪಾಲಕರು ಊಟ, ಸ್ನಾನದ ಬಿಸಿನೀರು ವಿಚಾರಿಸುತ್ತಾರೆ. ಟೆರೇಸಿನ ಮೂಲೆಯಲ್ಲಿ ಏನು ಬಿದ್ದಿದೆ ಎಂದು ಒಮ್ಮೆ ಹತ್ತಿ ನೋಡಿದರೂ ನಷ್ಟವಿಲ್ಲ. ಮಗನನ್ನು ಗದರಿಸುವ ಮೊದಲು ತಮ್ಮ ಜೇಬನ್ನೂ ಮುಟ್ಟಿ ನೋಡಿಕೊಳ್ಳಬೇಕಾದವರು ಕೆಲವರಿದ್ದಾರೆ.

ಇನ್ನು ಉಳಿಯುವುದು, ಸೇದುವವರಿಗಾಗಿ ಹೊರಗೆ ಹಾಕುವ ಬೆಂಚು ಎಲ್ಲಿರಬೇಕು ಎಂಬುದು. ಇದನ್ನು ನಕ್ಷೆ ನೋಡಿ ತೀರ್ಮಾನಿಸಲಾಗದು. 25 ಅಡಿ ಎಂದರೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ನೀರಿನ ನಲ್ಲಿಯ ಕಡೆಗೋ ಮಕ್ಕಳು ಆಡುವ ಬಯಲಿನ ಕಡೆಗೋ ಹೋದರೆ ಹೊಗೆ ಜಾಗ ಬದಲಿಸಿತು, ಅಷ್ಟೇ. ಮಳೆಗಾಲದಲ್ಲಿ ಆ ಬೆಂಚಿನ ಮೇಲೊಂದು ತಗಡಿನ ಮಾಡೂ ಬೇಕು. ಇಲ್ಲದಿದ್ದರೆ ಜೂನ್ ಮೊದಲ ಮಳೆಗೇ ಅಜ್ಜ ಬೀಡಿ ಹಿಡಿದು ಮೆಟ್ಟಿಲ ಕೆಳಗೆ ಬಂದು ನಿಲ್ಲುತ್ತಾನೆ.