ಕೈಯಲ್ಲಿ ಮಾಡಿದ ಪೆರ್ನಾಲ್ ಉಡುಗೊರೆ: ಶುರು ಉಳ್ಳವರ ಮನೆಯಿಂದಲೇ ಆಗಲಿ

ಪೆರ್ನಾಲ್ ಹತ್ತಿರ ಬಂತೆಂದರೆ ಪೇಟೆಯ ಅಂಗಡಿಗಳ ಮುಂದೆ ಉಡುಗೊರೆ ಬುಟ್ಟಿಗಳು ಸಾಲುಗಟ್ಟಿ ನಿಲ್ಲುತ್ತವೆ. ಒಂದು ಹಿಡಿ ಖರ್ಜೂರ, ನಾಲ್ಕು ಚಾಕಲೇಟು, ಬೆರಳುದ್ದದ ಅತ್ತರಿನ ಸೀಸೆ. ಮೇಲೆ ಹೊಳೆಯುವ ಪ್ಲಾಸ್ಟಿಕ್ ಹೊದಿಕೆ, ರಿಬ್ಬನ್, ‘ಈದ್ ಮುಬಾರಕ್’ ಎಂದು ಬರೆದ ಚಿನ್ನದ ಬಣ್ಣದ ಚೀಟಿ. ಹಬ್ಬ ಮುಗಿದ ಮೂರನೇ ದಿನ ಈ ಸಿಂಗಾರವೆಲ್ಲ ಚರಂಡಿಯಲ್ಲೋ ತಿಪ್ಪೆಯಲ್ಲೋ ಬಿದ್ದಿರುತ್ತದೆ.

ಅದರ ಬದಲು ಮನೆಯಲ್ಲೇ ಏನಾದರೂ ಮಾಡಿ ಕೊಡೋಣ ಎಂಬ ಮಾತು ಹೊಸದಲ್ಲ. ದುಂದುವೆಚ್ಚ ಬೇಡವೆಂದು ಉಸ್ತಾದರು ಪ್ರತಿ ರಮಝಾನ್‌ನಲ್ಲೂ ಹೇಳುತ್ತಾರೆ. ಶಾಲೆಯಲ್ಲಿ ಟೀಚರ್‌ಗಳು ‘ಕಸದಿಂದ ರಸ’ ಅಂತ ಮಕ್ಕಳ ಕೈಯಲ್ಲಿ ಮಾಡಿಸುತ್ತಾರೆ. ನಾವೆಲ್ಲ ಹೌದು ಹೌದು ಅನ್ನುತ್ತೇವೆ, ಆಮೇಲೆ ಬುಟ್ಟಿ ತರಲು ಹೋಗುತ್ತೇವೆ. ಯಾಕೆ? ಮಾಡಲು ಬರೋದಿಲ್ಲ ಅಂತಲ್ಲ, ‘ಜನ ಏನಂದಾರು’ ಅಂತ. ಕೈಯಲ್ಲಿ ಮಾಡಿದ್ದನ್ನು ಕೊಟ್ಟರೆ, ಪಾಪ, ಕೈಯಲ್ಲಿ ಕಾಸಿಲ್ಲ ಅಂದುಕೊಳ್ಳುತ್ತಾರೆ ಅಂತ.

ಈ ನಾಚಿಕೆ ಉಪದೇಶದಿಂದ ಹೋಗುವಂಥದ್ದಲ್ಲ. ಇಲ್ಲದವರ ಮನೆಯಿಂದ ಬಂದ ಬಟ್ಟೆಯ ಚೀಲವನ್ನು ನಾವು ಬಡತನ ಎನ್ನುತ್ತೇವೆ. ಅದೇ ಚೀಲ ಇದ್ದವರ ಮನೆಯಿಂದ ಬಂದರೆ ನಾಳೆ ಅದೊಂದು ಪದ್ಧತಿಯಾಗುತ್ತದೆ. ಹಾಗಾಗಿ ‘ಸರಳವಾಗಿರಿ’ ಎಂದು ಹೇಳಬೇಕಾದ್ದು ಸರಳವಾಗಿಯೇ ಬದುಕುತ್ತಿರುವವರಿಗಲ್ಲ. ಕಾರಿರುವ ಮನೆ, ಕೊಲ್ಲಿಯಿಂದ ದುಡ್ಡು ಬರುವ ಮನೆ, ಎರಡು ಅಂತಸ್ತಿನ ಮನೆ ಮೊದಲು ಶುರು ಮಾಡಬೇಕು. ಇದೇ ನಮ್ಮ ಅಭಿಪ್ರಾಯ.

ಇದು ಬರೀ ಅಲಂಕಾರದ ಮಾತು ಅಂದುಕೊಳ್ಳಬೇಡಿ. ಮದುವೆಯಾದ ಮೇಲಿನ ಮೊದಲ ಪೆರ್ನಾಲ್ ಹೆಣ್ಣು ಹೆತ್ತವರಿಗೆ ಎಂಥ ಹೊರೆ ಅಂತ ನಮಗೆಲ್ಲ ಗೊತ್ತು. ಅಳಿಯನಿಗೆ ಬಟ್ಟೆ, ಅತ್ತೆ-ನಾದಿನಿಯರಿಗೆ ಬಟ್ಟೆ, ಡಬ್ಬಗಟ್ಟಲೆ ಸಿಹಿ. ಈಗ ಅದರ ಮೇಲೆ ಈ ಬುಟ್ಟಿಗಳು ಬೇರೆ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನಿಜ. ಆದರೆ ‘ಅವರ ಸೊಸೆಯ ಮನೆಯಿಂದ ಎಷ್ಟು ಬಂತು ನೋಡಿ’ ಎಂಬ ಒಂದು ಮಾತು ಸಾಕು, ಆಚೆ ಮನೆಯ ಸೊಸೆ ತನ್ನ ಉಮ್ಮನಿಗೆ ಫೋನ್ ಮಾಡಿ ಅಳಲು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಹಬ್ಬದ ಹೆಸರಲ್ಲಿ ಹೋಗುವ ಈ ಸಾಮಾನನ್ನು ನಾವು ವರದಕ್ಷಿಣೆ ಎಂದು ಕರೆಯುವುದಿಲ್ಲ, ಉಡುಗೊರೆ ಎನ್ನುತ್ತೇವೆ. ಸಾಲ ಮಾಡಿ ಕಳಿಸಿದ್ದು ಉಡುಗೊರೆ ಹೇಗಾಗುತ್ತದೆ?

ಹೆಣ್ಣಿನ ಮನೆಯವರು ತಾವಾಗಿಯೇ ಹಾಳೆಯ ತಟ್ಟೆಯಲ್ಲಿ ನಾಲ್ಕು ಕಲ್ತಪ್ಪ ಇಟ್ಟು ಕಳಿಸುವ ಧೈರ್ಯ ಮಾಡಲಾರರು. ಆ ಧೈರ್ಯವನ್ನು ಅವರಿಗೆ ಕೊಡಬೇಕಾದ್ದು ಗಂಡಿನ ಮನೆ. ಈ ಸಲ ಗಂಡಿನ ಮನೆಯಿಂದಲೇ ಮೊದಲು ಒಂದು ತಟ್ಟೆ ಹೋಗಲಿ, ಮನೆಯಲ್ಲಿ ಮಾಡಿದ್ದು, ಕೈಯಲ್ಲಿ ಕಟ್ಟಿದ್ದು. ‘ನೀವೂ ಇಷ್ಟೇ ಕಳಿಸಿ, ಹೆಚ್ಚು ಕಳಿಸಿದರೆ ನಮಗೆ ಬೇಜಾರು’ ಎಂಬ ಮಾತೂ ಜೊತೆಗೆ ಹೋಗಲಿ.

ಇದು ಆಗದ ಕೆಲಸವೇನಲ್ಲ. ಅಕ್ಕಪಕ್ಕದವರನ್ನೇ ನೋಡಿ. ಸಂಕ್ರಾಂತಿಗೆ ಇಲ್ಲಿನ ಹಿಂದೂ ಮನೆಗಳಿಂದ ನಮಗೆ ಎಳ್ಳು-ಬೆಲ್ಲ ಬರುತ್ತದೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ. ತೋಟದ ಸಾಹುಕಾರರ ಮನೆಯಿಂದ ಬರುವುದೂ ಅದೇ, ಕೂಲಿಗೆ ಹೋಗುವ ಅಕ್ಕನ ಮನೆಯಿಂದ ಬರುವುದೂ ಅದೇ. ಯಾರದ್ದು ಎಷ್ಟು ರೂಪಾಯಿಯದ್ದು ಎಂದು ಯಾರೂ ಅಳೆಯುವುದಿಲ್ಲ. ಕರಾವಳಿಯಲ್ಲಿ ಕ್ರಿಸ್ಮಸ್‌ಗೆ ಕ್ರೈಸ್ತ ನೆರೆಯವರು ಕಳಿಸುವ ಕುಸ್ವಾರ್ ಕೂಡ ಹಾಗೆಯೇ. ಮನೆಯವರೆಲ್ಲ ಕೂತು ಕಿಡಿಯೊ ಸುತ್ತಿ, ನೆವ್ರಿ ಮಡಚಿ, ತಟ್ಟೆಯಲ್ಲಿ ಜೋಡಿಸಿ ಮನೆಮನೆಗೆ ಮುಟ್ಟಿಸುತ್ತಾರೆ. ಈಗೀಗ ಬೇಕರಿಯಿಂದ ತರುವುದೂ ಉಂಟು. ಆದರೂ ಕುಸ್ವಾರ್ ಅಂದರೆ ಎಲ್ಲರ ಮನೆಯಲ್ಲೂ ಒಂದೇ ಬಗೆಯ ತಟ್ಟೆ. ನಮ್ಮ ಪೆರ್ನಾಲ್‌ಗೂ ಅಂಥದೊಂದು ಎಲ್ಲರಿಗೂ ಒಂದೇ ಆದ ತಟ್ಟೆ ಇದ್ದರೆ ಎಷ್ಟು ಮನೆಗಳು ನೆಮ್ಮದಿಯಿಂದ ಉಸಿರಾಡಬಹುದು!

ತಟ್ಟೆಗೆ ಏನು ಮಾಡೋದು ಅಂತೀರಾ? ಹಿರೇಗುಂಟನೂರು, ಹೊಳಲ್ಕೆರೆ, ಹೊಸದುರ್ಗದ ಕಡೆ ವ್ಯಾಪಾರಕ್ಕೆಂದು ಬಂದು ನಿಂತ ನಮ್ಮಂಥ ಬ್ಯಾರಿ ಮನೆಗಳು ಬೆರಳೆಣಿಕೆಯವು. ಕಡಲು ದೂರ, ಮಾತು ಬೇರೆ, ಮಸೀದಿಯಲ್ಲಿ ಪಕ್ಕದ ಸಾಲಲ್ಲಿ ನಿಲ್ಲುವವರು ಉರ್ದು ಮಾತಾಡುವವರು. ಆದರೆ ಊರಿನದ್ದೇ ಒಂದು ವಸ್ತು ಇಲ್ಲೂ ಸಿಗುತ್ತದೆ: ಅಡಿಕೆ ಹಾಳೆ. ಹತ್ತಿರದ ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ಬೇಸಗೆಯಲ್ಲಿ ತೋಟಕ್ಕೆ ಹೋಗಿ ‘ಹಾಳೆ ಬೇಕಿತ್ತು’ ಎಂದರೆ, ‘ಬಿದ್ದೈತಲ್ಲ, ತಗಂಡೋಗಿ’ ಅನ್ನುತ್ತಾರೆ. ಅದಕ್ಕೆ ದುಡ್ಡು ಕೇಳಿದವರಿಲ್ಲ. ಕರಾವಳಿಯಲ್ಲಿ ಇದೇ ಹಾಳೆಯಿಂದ ಮುಟ್ಟಾಳೆ ಮಾಡಿ ತಲೆಗಿಟ್ಟು ಗದ್ದೆಗೆ ಇಳಿದವರು ನಮ್ಮ ಹಿರಿಯರ ಕಾಲದವರು.

ಬಿದ್ದ ಹಾಳೆಯನ್ನು ತೊಳೆದು ನೀರಲ್ಲಿ ನೆನೆಹಾಕಬೇಕು. ಮೆತ್ತಗಾದ ಮೇಲೆ ನಾಲ್ಕು ಮೂಲೆ ಮಡಚಿ, ತೆಂಗಿನ ಕಡ್ಡಿ ಚುಚ್ಚಿ, ಒಳಗೆ ಭಾರ ಇಟ್ಟು ಬಿಸಿಲಿಗೆ ಒಣಗಿಸಿದರೆ ತಟ್ಟೆ ತಯಾರು. ಒಳಗೆ ಬಾಳೆ ಎಲೆ ಹಾಸಿ ತಿಂಡಿ ಇಟ್ಟು, ಹಳೆಯ ಸೀರೆಯ ಅಂಚಿನಿಂದ ಕಟ್ಟಿದರೆ ಯಾವ ಅಂಗಡಿಯ ಬುಟ್ಟಿಗೂ ಕಡಿಮೆಯಿಲ್ಲ. ತಿಂದಾದ ಮೇಲೆ ತಟ್ಟೆ ಗೊಬ್ಬರದ ಗುಂಡಿಗೆ ಹೋಗುತ್ತದೆ, ಚರಂಡಿಗಲ್ಲ.

ಮಕ್ಕಳಿಗೆ ಕೊಡುವ ಪೆರ್ನಾಲ್ ದುಡ್ಡಿನ ಲಕೋಟೆಯನ್ನು ಹಳೆಯ ಮದುವೆ ಕಾಗದದಿಂದ, ಕ್ಯಾಲೆಂಡರಿನ ಹಾಳೆಯಿಂದ ಮಾಡಬಹುದು. ಇಲ್ಲೊಂದು ಎಚ್ಚರ ಬೇಕು. ನಮ್ಮ ಮದುವೆ ಕಾಗದಗಳ ನೆತ್ತಿಯಲ್ಲಿ ಬಿಸ್ಮಿ ಇರುತ್ತದೆ, ಜಮಾಅತಿನ ಕ್ಯಾಲೆಂಡರಿನಲ್ಲಿ ಅರಬಿ ಬರಹ ಇರುತ್ತದೆ. ಅದನ್ನು ಮೊದಲು ಬೇರ್ಪಡಿಸಿ ಗೌರವದಿಂದ ತೆಗೆದಿಡಿ, ಆಮೇಲೆ ಕತ್ತರಿ ಹಾಕಿ. ನೆರೆಯವರ ಮದುವೆ ಕಾಗದದಲ್ಲಿ ಅವರ ದೇವರ ಚಿತ್ರ ಇದ್ದರೆ ಅದಕ್ಕೂ ಅಷ್ಟೇ ಮರ್ಯಾದೆ. ಮಕ್ಕಳನ್ನು ಕೂರಿಸಿಕೊಂಡು ಈ ಕೆಲಸ ಮಾಡುವಾಗ ಅವರು ಇದನ್ನೂ ಕಲಿಯುತ್ತಾರೆ.

ಬಟ್ಟೆಯ ಕೆಲಸಕ್ಕಂತೂ ಈ ಸೀಮೆಯಲ್ಲಿ ಗುರುಗಳಿಗೆ ಬರವಿಲ್ಲ. ಹಳೆಯ ಸೀರೆ, ಲಂಗ, ಅಂಗಿಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಕೌದಿ ಹೊದ್ದು ಬೆಳೆದವರು ಇಲ್ಲಿನ ಜನ. ಹೆರಿಗೆಯ ಮನೆಗೆ ಅಜ್ಜಿ ಹೊಲಿದ ಕೌದಿ ಹೋದರೆ ಅದನ್ನು ಯಾರೂ ಹಳೆಬಟ್ಟೆ ಅನ್ನುವುದಿಲ್ಲ. ಟೈಲರ್ ಅಂಗಡಿಯಲ್ಲಿ ಉಳಿದ ತುಂಡುಗಳಿಂದ ತಸ್ಬೀಹ್ ಇಡುವ ಪುಟ್ಟ ಚೀಲ, ಮುಸಲ್ಲಾ ಸುತ್ತಿಡುವ ಚೀಲ, ಮಕ್ಕಳಿಗೆ ಮದರಸಕ್ಕೆ ಹೋಗುವ ಚೀಲ ಹೊಲಿಯಬಹುದು. ನಮ್ಮವರಲ್ಲೂ ಸೂಜಿಯ ಕೆಲಸ ಹೊಸದಲ್ಲ. ಕಾಸರಗೋಡಿನ ತಳಂಗರೆಯ ಟೊಪ್ಪಿ ಒಂದು ಕಾಲಕ್ಕೆ ಕಡಲು ದಾಟಿ ಕೊಲ್ಲಿ ದೇಶಗಳಿಗೆ ಹೋಗುತ್ತಿತ್ತು. ಕೈಯಿಂದ ಹೊಲಿದದ್ದು ಎಂಬುದೇ ಅದರ ಬೆಲೆ. ಇವತ್ತು ಅದನ್ನು ಹೊಲಿಯುವ ಕೈಗಳು ಕಡಿಮೆಯಾಗಿವೆ. ಯಂತ್ರದ ಟೊಪ್ಪಿ ಅಗ್ಗಕ್ಕೆ ಸಿಗುವಾಗ ಕೈಯ ಟೊಪ್ಪಿಯನ್ನು ಕೇಳಿ ಕೊಳ್ಳುವವರು ಇಲ್ಲದಿದ್ದರೆ ಹೊಲಿಯುವವರು ಎಲ್ಲಿಂದ ಬರಬೇಕು?

ಮದರಂಗಿಯನ್ನೂ ಮರೆಯಬೇಡಿ. ಹತ್ತು ನಿಮಿಷದಲ್ಲಿ ಕಪ್ಪಾಗಿ ಬಣ್ಣ ಬರುತ್ತದೆ ಎನ್ನುವ ಕೋನ್‌ಗಳಲ್ಲಿ ಹಲವು ಕಡೆ ತಲೆಕೂದಲ ಬಣ್ಣಕ್ಕೆ ಹಾಕುವ ಪಿಪಿಡಿಯಂಥ ರಾಸಾಯನಿಕ ಇರುತ್ತದೆ. ಅದು ಚರ್ಮ ಸುಡುತ್ತದೆ, ಗುಳ್ಳೆ ಏಳಿಸುತ್ತದೆ. ನಿಜವಾದ ಮದರಂಗಿ ಕೆಲವು ಗಂಟೆ ಕೈಮೇಲೆ ಇರಬೇಕು, ಬಣ್ಣ ಮರುದಿನ ಗಾಢವಾಗಬೇಕು. ಮದರಂಗಿ ಪುಡಿಗೆ ಲಿಂಬೆರಸ, ಚೂರು ಸಕ್ಕರೆ, ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ ಕಲಸಿ, ರಾತ್ರಿಯಿಡೀ ಬಿಟ್ಟು, ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟನ್ನೇ ಕೋನ್ ಸುತ್ತಿ ತುಂಬಿಸಿದರೆ ಆಯಿತು. ಕೇರಿಯ ಹತ್ತು ಹುಡುಗಿಯರಿಗೆ ಹತ್ತು ಕೋನ್ ಹಂಚಿ ನೋಡಿ, ಅದಕ್ಕಿಂತ ಸಂತೋಷದ ಉಡುಗೊರೆ ಇನ್ನೊಂದಿಲ್ಲ.

ಇನ್ನು ಮನೆ, ಮಸೀದಿ, ಬೀದಿಯ ಅಲಂಕಾರ. ಪೆರ್ನಾಲ್‌ಗಿಂತ ಮೀಲಾದ್‌ಗೆ ಇದರ ಭರಾಟೆ ಜೋರು. ಪ್ಲಾಸ್ಟಿಕ್ ತೋರಣ, ಪ್ಲಾಸ್ಟಿಕ್ ಬಾವುಟ, ಫ್ಲೆಕ್ಸ್, ಥರ್ಮಕೋಲಿನ ಗುಮ್ಮಟ. ಇವೆಲ್ಲ ಕಾನೂನಿನಲ್ಲಿ ಬೇಡವಾದವು. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಬ್ಯಾನರ್, ತೋರಣ, ಫ್ಲೆಕ್ಸ್, ಬಾವುಟ, ತಟ್ಟೆ, ಲೋಟಗಳನ್ನು ನಿಷೇಧಿಸಿದೆ, ಥರ್ಮಕೋಲಿನಿಂದ ಮಾಡಿದ್ದೂ ಅದರಲ್ಲಿ ಸೇರಿದೆ. ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮಕೋಲ್, ಸಿಹಿತಿಂಡಿ ಡಬ್ಬಕ್ಕೆ ಸುತ್ತುವ ತೆಳು ಪ್ಲಾಸ್ಟಿಕ್ ಕೂಡ ಆ ಪಟ್ಟಿಯಲ್ಲಿವೆ. ‘ಎಲ್ಲರೂ ಹಾಕ್ತಾರಲ್ಲ, ನಾವು ಮಾತ್ರ ಯಾಕೆ ಬಿಡಬೇಕು’ ಎನ್ನುವವರಿದ್ದಾರೆ. ಎಲ್ಲರೂ ಬಿಡಲಿ ಅಂತ ಕಾಯುವುದಕ್ಕಿಂತ ಮೊದಲು ಬಿಟ್ಟವರು ನಾವು ಎನಿಸಿಕೊಳ್ಳುವುದು ಮೇಲಲ್ಲವೇ? ಮಂಗಳೂರಿನ ಕುದ್ರೋಳಿಯಲ್ಲಿ ದೀಪಾವಳಿಗೆ ಗೂಡುದೀಪ ಸ್ಪರ್ಧೆ ನಡೆಯುತ್ತದೆ. ಬಿದಿರ ಕಡ್ಡಿ, ಬಣ್ಣದ ಕಾಗದದಂಥ ಸಾಮಾನಿನಿಂದಲೇ ಅಲ್ಲಿ ಎಂತೆಂಥ ದೀಪಗಳು ಮೂಡುತ್ತವೆ! ಅದೇ ಕಡ್ಡಿ, ಅದೇ ಕಾಗದದಲ್ಲಿ ನಮ್ಮ ಮದರಸದ ಮಕ್ಕಳು ಅರ್ಧಚಂದ್ರ, ನಕ್ಷತ್ರ ಮಾಡಲಾರರೇ? ರಟ್ಟು, ಬಟ್ಟೆಯ ತುಂಡು, ಹಳೆಯ ಪುಸ್ತಕದ ಕಾಗದ ಯಾವ ಊರಲ್ಲಿ ಇಲ್ಲ?

ಈಗ ಆಕ್ಷೇಪಣೆಗಳಿಗೆ ಬರೋಣ. ಎಲ್ಲಕ್ಕಿಂತ ದೊಡ್ಡದು ಹೆಂಗಸರದ್ದು, ಮತ್ತು ಅದು ನ್ಯಾಯವಾದದ್ದು. ‘ಸಹರಿಗೆ ಏಳುವವರು ನಾವು, ಇಫ್ತಾರಿಗೆ ಬೇಯಿಸುವವರು ನಾವು, ಪೆರ್ನಾಲ್ ಬೆಳಿಗ್ಗೆ ಪತ್ತಿರ್, ಬಿರಿಯಾನಿ ಅಂತ ಒಲೆ ಮುಂದೆ ನಿಲ್ಲುವವರು ನಾವು. ಈಗ ಉಡುಗೊರೆಯನ್ನೂ ನಾವೇ ಮಾಡಬೇಕಾ?’ ಬೇಡ. ಊರಿನ ಕಡೆ ಬೀಡಿ ಕಟ್ಟಿ ಬೆರಳು ಸವೆಸಿದ ಉಮ್ಮಂದಿರ ಕೈಗೆ ಇನ್ನೊಂದು ಕೆಲಸ ಹಚ್ಚುವುದಾದರೆ ಈ ಸುಧಾರಣೆಯೇ ಬೇಡ. ಹಾಳೆ ತರುವುದು, ನೆನೆಸುವುದು, ಕಡ್ಡಿ ಚುಚ್ಚುವುದು, ಲಕೋಟೆ ಅಂಟಿಸುವುದು, ತಟ್ಟೆ ಹಿಡಿದು ಮನೆಮನೆಗೆ ಹೋಗುವುದು ಗಂಡಸರ ಮತ್ತು ಹುಡುಗರ ಪಾಲಿಗಿರಲಿ. ತರಾವೀಹ್ ಮುಗಿಸಿ ಪೇಟೆಯಲ್ಲಿ ಮಧ್ಯರಾತ್ರಿಯವರೆಗೆ ಸುತ್ತುವ ಹುಡುಗರಿಗೆ ಎರಡು ರಾತ್ರಿಯ ಕೆಲಸ ಇದು.

ಎರಡನೆಯದು ವ್ಯಾಪಾರಿಗಳದ್ದು. ಬ್ಯಾರಿಗಳು ಎಂದರೇ ವ್ಯಾಪಾರ. ಫ್ಯಾನ್ಸಿ ಅಂಗಡಿ, ಬಟ್ಟೆ ಅಂಗಡಿ, ಬೇಕರಿ ಇಟ್ಟವರು ನಮ್ಮವರೇ. ಪೆರ್ನಾಲ್ ವ್ಯಾಪಾರದ ಮೇಲೆ ಅವರ ಮುಂದಿನ ಕೆಲವು ತಿಂಗಳು ನಿಂತಿರುತ್ತವೆ. ಅವರ ಹೊಟ್ಟೆಗೆ ಹೊಡೆಯುವುದು ನಮ್ಮ ಉದ್ದೇಶವಲ್ಲ. ಬಟ್ಟೆ ಕೊಳ್ಳೋಣ, ಖರ್ಜೂರ ಕೊಳ್ಳೋಣ, ಅತ್ತರು ಕೊಳ್ಳೋಣ. ಬಿಡಬೇಕಾದ್ದು ಮೂರೇ ದಿನಕ್ಕೆ ಕಸವಾಗುವ ಸಿಂಗಾರವನ್ನು ಮಾತ್ರ. ಕೈಕೆಲಸ ಬಲ್ಲ ಹೆಂಗಸರಿಂದ ಚೀಲ, ಟೊಪ್ಪಿ ಹೊಲಿಸಿ, ಸರಿಯಾದ ಕೂಲಿ ಕೊಟ್ಟು ಅಂಗಡಿಯಲ್ಲಿಟ್ಟರೆ ಅಂಗಡಿಯವರಿಗೂ ವ್ಯಾಪಾರ, ಮಾಡಿದವರಿಗೂ ಅನ್ನ.

ಮೂರನೆಯದು ‘ಜುಗ್ಗರು’ ಎನ್ನುವ ಮಾತು. ಅದಕ್ಕೆ ಉತ್ತರ ಕೊಡುವ ದಾರಿ ಒಂದೇ: ಉಳಿದ ದುಡ್ಡು ಎಲ್ಲಿ ಹೋಯಿತು ಎಂಬುದು. ಫಿತ್ರ್ ಝಕಾತ್ ಹೇಗೂ ಕೊಡಲೇಬೇಕು. ತಲೆಗೊಂದು ಸಾಅ್, ಅಂದರೆ ಎರಡೂವರೆಯಿಂದ ಮೂರು ಕೆ.ಜಿ.ಯಷ್ಟು ಅಕ್ಕಿ, ಪೆರ್ನಾಲ್ ನಮಾಝಿಗೆ ಮುಂಚೆ ಹಕ್ಕುದಾರರಿಗೆ ಮುಟ್ಟಬೇಕು. ಅದರ ಮೇಲೆ ಬುಟ್ಟಿಯ ದುಡ್ಡೂ ಸದಖಾ ಆಗಿ ಹೋಗಲಿ. ಯಾರದೋ ಮಗಳ ಕಾಲೇಜು ಫೀಸಿಗೋ, ಯಾರದೋ ಔಷಧಿಗೋ ಸದ್ದಿಲ್ಲದೆ ಸೇರಲಿ. ಆಮೇಲೆ ಜುಗ್ಗರು ಎನ್ನುವವರು ಅನ್ನಲಿ ಬಿಡಿ.

ನೆರೆಯವರು ಕೊಟ್ಟದ್ದು ಎಷ್ಟೇ ಸಣ್ಣದಿದ್ದರೂ ಕಡೆಗಣಿಸಬಾರದು ಎಂದು ಪ್ರವಾದಿಯವರು ಕಲಿಸಿದ್ದನ್ನು ಮದರಸದಲ್ಲಿ ಕೇಳಿ ಬೆಳೆದವರು ನಾವು. ಕೊಡುವವರಿಗೆ ಮಾತ್ರವಲ್ಲ, ತೆಗೆದುಕೊಳ್ಳುವವರಿಗೂ ಅದರಲ್ಲಿ ಪಾಠ ಇದೆ. ತಟ್ಟೆ ಬಂದಾಗ ತೂಗಿ ನೋಡಬೇಡಿ, ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿ ಇನ್ನೊಬ್ಬರ ತಟ್ಟೆಯ ಜೊತೆ ಹೋಲಿಸಬೇಡಿ. ಕರಾವಳಿಯ ಕೆಲವು ಜಾತ್ರೆಗಳಲ್ಲಿ 2022ರಲ್ಲಿ ನಮ್ಮ ವ್ಯಾಪಾರಿಗಳು ಬೇಡ ಎಂಬ ಬ್ಯಾನರ್‌ಗಳು ಎದ್ದ ಮೇಲೆ, ಒಂದು ಮನೆಯ ತಟ್ಟೆ ಇನ್ನೊಂದು ಮನೆಗೆ ಹೋಗುವುದರ ಬೆಲೆ ಇನ್ನಷ್ಟು ಹೆಚ್ಚಿದೆ. ಆ ತಟ್ಟೆ ದುಬಾರಿಯಾದರೆ ಹೋಗುವ ಮನೆಗಳ ಸಂಖ್ಯೆ ಕಡಿಮೆಯಾಗುತ್ತದೆ. ಹಾಳೆಯದ್ದಾದರೆ ಇಡೀ ಕೇರಿಗೆ ಹೋಗಬಹುದು.

ಆದ್ದರಿಂದ ಈ ಪೆರ್ನಾಲ್‌ಗೆ ನಮ್ಮ ಮನವಿ ಮೂರು. ಜಮಾಅತಿನ ಹಿರಿಯರ, ಅನುಕೂಲಸ್ಥರ ಮನೆಗಳಿಂದ ಈ ಸಲ ಹೋಗುವ ಉಡುಗೊರೆ ಕೈಯಲ್ಲೇ ಮಾಡಿದ್ದಾಗಿರಲಿ. ಸೊಸೆ ತಂದುಕೊಂಡ ಮನೆಗಳು ಬೀಗರಿಗೆ ಇವತ್ತೇ ಫೋನ್ ಮಾಡಿ ‘ಏನೂ ಕೊಂಡು ಕಳಿಸಬೇಡಿ’ ಎನ್ನಲಿ. ಮಸೀದಿ ಕಮಿಟಿಗಳು ಮೀಲಾದ್‌ನ ತೋರಣ ಬಟ್ಟೆಯದೋ ಕಾಗದದ್ದೋ ಆಗಿರಬೇಕೆಂದು ಈಗಲೇ ತೀರ್ಮಾನ ಮಾಡಲಿ. ಇಷ್ಟಕ್ಕೆ ದುಡ್ಡು ಬೇಡ, ಮೊದಲು ಮಾಡುವ ಧೈರ್ಯ ಬೇಕು. ಅದು ಇದ್ದವರಿಗೇ ಸುಲಭ.