ನೆತ್ತರು ಹೆಪ್ಪುಗಟ್ಟುವ ಹೊತ್ತು

ಆರಿದ್ರೆ ಮಳೆ ಹಿಡಿಯಿತೆಂದರೆ ಯಲ್ಲಾಪುರದ ಕಡೆಯ ನಂದೊಳ್ಳಿಯಲ್ಲಿ ತೋಟಕ್ಕೆ ಇಳಿದವರ ಕಾಲಿಗೆ ಉಂಬಳ ತಪ್ಪಿದ್ದಲ್ಲ. ಸುಣ್ಣ ತಾಗಿಸಿದರೆ ಉದುರುತ್ತದೆ; ನೆತ್ತರು ಮಾತ್ರ ನಿಲ್ಲುವುದಿಲ್ಲ. ಕಾಲು ತೊಳೆದು, ಜಗುಲಿಯಲ್ಲಿ ಕೂತು ಚಾ ಕುಡಿದು ಮುಗಿಸಿದರೂ ಹಿಮ್ಮಡಿಯವರೆಗೆ ಕೆಂಪು ಗೆರೆ ಇಳಿಯುತ್ತಲೇ ಇರುತ್ತದೆ. ಉಂಬಳದ ಬಳಗದ, ಚಿಕಿತ್ಸೆಗೆ ಬಳಸುವ ಜಿಗಣೆಯ ರಸ ನೆತ್ತರನ್ನು ಹೆಪ್ಪುಗಟ್ಟಗೊಡುವುದಿಲ್ಲವೆಂದು 1884ರಲ್ಲಿ ಜಾನ್ ಹೇಕ್ರಾಫ್ಟ್ ತೋರಿಸಿದ. ಆ ರಸದೊಳಗಿನ ಹಿರುಡಿನ್ ಬಳಸಿಯೇ 1924ರಲ್ಲಿ ಜರ್ಮನಿಯ ಜಾರ್ಜ್ ಹಾಸ್ ಮೊದಲ ಬಾರಿಗೆ ಮನುಷ್ಯನಿಗೆ ಡಯಾಲಿಸಿಸ್ ಮಾಡಿದ.

ಹಿಂತಿರುಗಿ ನೋಡಿದರೆ, ಹೆಪ್ಪಿನ ಬಗ್ಗೆ ವೈದ್ಯರು ಕಲಿತದ್ದರಲ್ಲಿ ದೊಡ್ಡ ಪಾಲು ಕೊಟ್ಟಿಗೆ, ಹೊಲ, ಕಾಡುಗಳ ಕೊಡುಗೆ. ಕಾಲಿನ ನಾಳದ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆಂದು 1840ರ ದಶಕದಲ್ಲಿ ಜರ್ಮನಿಯ ವೈದ್ಯ ವಿರ್ಕೊ ಹೇಳಿದ್ದು ಶವಪರೀಕ್ಷೆಯಿಂದ, ನಿಜ. ಮದ್ದು ಸಿಕ್ಕಿದ್ದು ಮಾತ್ರ ದನದ ಮೇವಿನಲ್ಲಿ. 1933ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕಡಸನ್ನೂ ಹೆಪ್ಪುಗಟ್ಟದ ನೆತ್ತರು ತುಂಬಿದ ಹಾಲಿನ ಕ್ಯಾನನ್ನೂ ರಸಾಯನಶಾಸ್ತ್ರಜ್ಞ ಕಾರ್ಲ್ ಲಿಂಕ್‌ನ ಪ್ರಯೋಗಾಲಯಕ್ಕೆ ತಂದ. ಕಡಸನ್ನು ಕೊಂದ, ಬೂಷ್ಟು ಹಿಡಿದ ಮೇವಿನ ದೋಷವನ್ನು ಬೆನ್ನಟ್ಟಿ ಹೋದದ್ದರಿಂದಲೇ ವಾರ್ಫರಿನ್ ಹುಟ್ಟಿತು: 1948ರಲ್ಲಿ ಇಲಿಪಾಷಾಣ, 1954ರಿಂದ ಮನುಷ್ಯರ ಮಾತ್ರೆ. ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡವರು ಇವತ್ತಿಗೂ ನುಂಗುವುದು ಅದನ್ನೇ.

ನಮ್ಮ ಕಡೆಗೆ ಎಲ್ಲಕ್ಕಿಂತ ಹತ್ತಿರದ್ದು ಕೊಳಕುಮಂಡಲದ ಕತೆ. ದರಕು ಗುಡಿಸುವಾಗ, ಹುಲ್ಲು ಕೊಯ್ಯುವಾಗ ಕಚ್ಚುವ ಈ ಹಾವಿನ ವಿಷ ಇಡೀ ಮೈಯ ನೆತ್ತರಿಗೆ ಒಮ್ಮೆಗೇ ಹೆಪ್ಪು ಹಾಕಲು ಹೊರಡುತ್ತದೆ. ಹೆಪ್ಪುಗಟ್ಟಿಸುವ ಸರಕೆಲ್ಲ ಅಲ್ಲಿಗೇ ಖರ್ಚಾಗಿ, ಆಮೇಲೆ ವಸಡಿನಲ್ಲಿ, ಮೂತ್ರದಲ್ಲಿ ನೆತ್ತರು. ಇದೇ ವಿಷವನ್ನು ತೆಳು ಮಾಡಿ ಹಚ್ಚಿದರೆ ಹಿಮೋಫಿಲಿಯಾ ರೋಗಿಯ ಗಾಯದ ನೆತ್ತರು ನಿಲ್ಲುತ್ತದೆಂದು 1934ರಲ್ಲಿ ಲಂಡನ್ನಿನಲ್ಲಿ ಮ್ಯಾಕ್‌ಫಾರ್ಲೇನ್ ಮತ್ತು ಬಾರ್ನೆಟ್ ಬರೆದರು. ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಮಾತ್ರ ವಿಷವೇರಿದೆಯೇ ಎಂದು ತಿಳಿಯುವ ಪರೀಕ್ಷೆ. ಒಣಗಿದ ಗಾಜಿನ ಚಿಕ್ಕ ಶೀಸೆಯಲ್ಲಿ ಸ್ವಲ್ಪ ನೆತ್ತರು ಹಾಕಿ 20 ನಿಮಿಷ ಅಲುಗಾಡಿಸದೆ ಇಡುವುದು. ಆಮೇಲೆ ಮೊಸರು ಕೂತಿದೆಯೇ ಎಂದು ಪಾತ್ರೆ ಬಾಗಿಸಿ ನೋಡುವ ಹಾಗೆ ಬಾಗಿಸುವುದು. ಅಷ್ಟೇ. ಹರಿದರೆ ಪ್ರತಿವಿಷ ಕೊಡಬೇಕು. ಶೀಸೆ ಗಾಜಿನದ್ದೇ ಆಗಬೇಕು. ಹೆಪ್ಪುಗಟ್ಟುವ ಕ್ರಿಯೆಗೆ ಗಾಜಿನ ಮೈ ಚಾಲನೆ ಕೊಡುತ್ತದೆ, ಪ್ಲಾಸ್ಟಿಕ್ ಕೊಡುವುದಿಲ್ಲ. ವಿದ್ಯುತ್ ಇಲ್ಲದ ಮಳೆಗಾಲದ ರಾತ್ರಿಯಲ್ಲೂ ನಡೆಯುವ ಪರೀಕ್ಷೆ ಇದು.

ಆದರೂ ಬಾಕಿ ಉಳಿದಿರುವುದು ಬಹಳ. ನಮ್ಮ ಪ್ರತಿವಿಷ ತಯಾರಾಗುವುದು ನಾಲ್ಕು ಹಾವುಗಳ ವಿಷದಿಂದ. ಪಶ್ಚಿಮ ಘಟ್ಟದ, ಮೂಗು ಮೇಲೆದ್ದ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕೆಂದು ಕರ್ನಾಟಕದಲ್ಲಿ ಆದೇಶ ಬಂದದ್ದು 2024ರಲ್ಲಿ. ಎಣಿಸದೆ ಕಳೆದ ವರ್ಷಗಳು ಎಷ್ಟೋ!

ಹೃದಯದ ನಾಳದಲ್ಲಿ ಕಟ್ಟಿದ ಹೆಪ್ಪಿಗೂ ಈಗ ಕರಗಿಸುವ ಮದ್ದಿದೆ. ಸ್ಟ್ರೆಪ್ಟೋಕೈನೇಸ್ ಮತ್ತು ಆಸ್ಪಿರಿನ್ ಜೊತೆಯಾಗಿ ಕೊಟ್ಟರೆ ಸಾವು ಎಷ್ಟೋ ತಗ್ಗುತ್ತದೆಂದು 1988ರಲ್ಲಿ 17 ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನ ತೋರಿಸಿತು. 2021ರ ಅಕ್ಟೋಬರ್ 29ರಂದು ನಾವು ಕಳೆದುಕೊಂಡ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಇಂಥದ್ದೇ ಟೆನೆಕ್ಟಿಪ್ಲೇಸ್ ಚುಚ್ಚುಮದ್ದು ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತಿದೆ. ಯಲ್ಲಾಪುರದಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 70 ಕಿ.ಮೀ. ಆ ದಾರಿಯಲ್ಲೇ ಹೊತ್ತು ಕಳೆಯಬೇಕಾದವರಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ. ಹೆಪ್ಪು ಹಳೆಯದಾದಷ್ಟೂ ಕರಗುವುದು ಕಷ್ಟ. ಮೊದಲ ಮೂರು ತಾಸಿಗೆ ಇರುವ ಬೆಲೆ ಆಮೇಲಿನದಕ್ಕಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ ಎದೆ ಹಿಡಿದುಕೊಂಡವರಿಗೆ ಇನ್ನೂ ‘ಗ್ಯಾಸ್ ಇರಬೇಕು’ ಎಂದು ಜೀರಿಗೆ ಕಷಾಯ ಕೊಟ್ಟು ಬೆಳಗಿನವರೆಗೆ ಮಲಗಿಸುತ್ತೇವೆ. 2022ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಎದ್ದ ಕೂಗಿಗೆ ನಮ್ಮ ದನಿಯೂ ಇದೆ. ಅದು ಬರುವವರೆಗೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೂ ಇಸಿಜಿ ತೆಗೆಯುವವರು, ಆ ಚುಚ್ಚುಮದ್ದು, ಪ್ರತಿವಿಷ ಮತ್ತು ಒಂದಿಷ್ಟು ಗಾಜಿನ ಶೀಸೆ ಇರಲೇಬೇಕು.