ಕಲೆ ಹೋಗಲಿ, ಉಸಿರು ಉಳಿಯಲಿ

ಮುಂಗಾರು ಶುರುವಾಯಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲೆಗಳಲ್ಲಿ ಕಬಡ್ಡಿ, ಖೋಖೋ ಅಭ್ಯಾಸದ ಗದ್ದಲ. ನೇರಳೆ ಹಣ್ಣಿನ ಕಾಲವೂ ಅದೇ. ಹಣ್ಣು ತಿಂದ ಕೈಯನ್ನು ಮಕ್ಕಳು ಆಟದ ಬಿಳಿ ಅಂಗಿಗೇ ಒರೆಸುತ್ತಾರೆ. ದೊಡ್ಡವರ ಟೀ ಶರ್ಟಿನ ಮೇಲೆ ಚೆಲ್ಲಿದ ಕೆಂಪು ವೈನಿನ ಕಲೆಯೂ ಇದೇ ಜಾತಿಯದು. ನೇರಳೆ, ಕಪ್ಪು ದ್ರಾಕ್ಷಿ ಎರಡಕ್ಕೂ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವಸ್ತು.

ಈ ಬಣ್ಣ ಹುಳಿ ಸೇರಿದರೆ ಕೆಂಪಗಿರುತ್ತದೆ. ಸೋಪು, ಸೋಡಾ ತಾಗಿದರೆ ನೀಲಿಗೆ ತಿರುಗುತ್ತದೆ. ಕಲೆ ಹೆಚ್ಚಾಯಿತೆಂದು ಗಾಬರಿಯಾಗಿ ಕೆಲವರು ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಅದೂ ಸಾಲದೆಂದು ಪಾಯಖಾನೆ ತೊಳೆಯುವ ಆ್ಯಸಿಡ್ ಬೆರೆಸುತ್ತಾರೆ. ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ.

ಇವೆರಡೂ ಕೂಡಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. 1915ರ ಏಪ್ರಿಲ್‌ನಲ್ಲಿ, ಮೊದಲ ಮಹಾಯುದ್ಧದಲ್ಲಿ, ಬೆಲ್ಜಿಯಂನ ಈಪ್ರ ಊರಿನ ಬಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಗಾಳಿಯಾಡದ ಬಚ್ಚಲಲ್ಲಿ ಅಲ್ಪಸ್ವಲ್ಪ ಎದ್ದರೂ ಕಣ್ಣುರಿ, ಕೆಮ್ಮು, ಎದೆ ಬಿಗಿತ ಬರುತ್ತವೆ. ಅಸ್ತಮಾ ಇರುವವರಿಗಂತೂ ಅಪಾಯ ಹೆಚ್ಚು. ನಿಂಬೆರಸ, ವಿನೆಗರ್ ಕೂಡ ಆಮ್ಲಗಳೇ. ಬ್ಲೀಚಿನ ಜೊತೆ ಅವೂ ಸಲ್ಲವು.

ಹಾಗಾದರೆ ಮಾಡಬೇಕಾದುದೇನು? ಕಲೆಯಾದ ಕೂಡಲೇ ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ತಿಕ್ಕಬೇಡಿ. ಹಿಂಬದಿಯಿಂದ ತಣ್ಣೀರು ಸುರಿಯಿರಿ. ನಿಂಬೆರಸವನ್ನೋ ವಿನೆಗರನ್ನೋ ನೀರಿನಲ್ಲಿ ಬೆರೆಸಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ, ನಂತರ ಸೋಪಿನ ಪುಡಿಯಲ್ಲಿ ಒಗೆಯಿರಿ. ಕಲೆ ಉಳಿದಿದ್ದರೆ ಇದನ್ನೇ ಮತ್ತೊಮ್ಮೆ ಮಾಡಿ. ಪೂರ್ತಿ ಹೋಗುವ ತನಕ ಬಿಸಿನೀರು, ಇಸ್ತ್ರಿ ಬೇಡ; ಶಾಖಕ್ಕೆ ಕಲೆ ಗಟ್ಟಿಯಾಗಿ ಕೂರುತ್ತದೆ.

ಆಟದ ಉಡುಪು ಮೈಗೆ ಅಂಟಿಕೊಂಡಿರುತ್ತದೆ, ಬೆವರಿನಲ್ಲಿ ತೋಯುತ್ತದೆ. ಬ್ಲೀಚು, ಸೋಪು ಸರಿಯಾಗಿ ಹೋಗಿರದಿದ್ದರೆ ಕಂಕುಳು, ಸೊಂಟ, ತೊಡೆಯ ಸಂದಿಯಲ್ಲಿ ತುರಿಕೆ, ಗುಳ್ಳೆ ಏಳಬಹುದು. ಗಜಕರ್ಣವೆಂದು ತಿಳಿದು ಅಂಗಡಿಯಲ್ಲಿ ಕೇಳಿದ ಮುಲಾಮನ್ನು ಹಚ್ಚಬೇಡಿ, ವೈದ್ಯರಿಗೆ ತೋರಿಸಿ. ಬ್ಲೀಚಿನಿಂದ ಅಂಗಿಯ ಎಲಾಸ್ಟಿಕ್ ಕೂಡ ಹಾಳಾಗುತ್ತದೆ.

ಅನಿಲ ಮೂಗಿಗೆ ಬಡಿದರೆ ಬಕೆಟ್ಟು ಎತ್ತಲು ನಿಲ್ಲದೆ ಬಯಲಿಗೆ ಬನ್ನಿ. ಕಣ್ಣು ಉರಿದರೆ ಶುದ್ಧ ನೀರಿನಿಂದ 15 ನಿಮಿಷ ತೊಳೆಯಿರಿ. ಉಸಿರಾಟ ಕಷ್ಟವಾದರೆ 108ಕ್ಕೆ ಫೋನ್ ಮಾಡಿ. ತೊಂದರೆ ಕೆಲವು ಗಂಟೆಗಳ ನಂತರವೂ ಹೆಚ್ಚಾಗಬಹುದೆಂಬುದು ನೆನಪಿರಲಿ. ಮಗು ಆ್ಯಸಿಡ್ ಕುಡಿದಿದ್ದರೆ ವಾಂತಿ ಮಾಡಿಸಬಾರದು. ಬಾಟಲಿ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು. ಅದಕ್ಕೇ ಹೇಳುವುದು, ಇಂಥವನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ತುಂಬಿಡಬಾರದು.

ಶಾಲೆಯವರಿಗೂ ಒಂದು ಮಾತು. ಕಲೆಯಾದ ಅಂಗಿಗಾಗಿ ಮಗುವನ್ನು ಸಾಲಿನಿಂದ ಆಚೆ ನಿಲ್ಲಿಸಬೇಡಿ. ತಾಯಂದಿರು ಬ್ಲೀಚು, ಆ್ಯಸಿಡ್ ಬೆರೆಸುವುದು ಎಷ್ಟೋ ಸಲ ಆ ಅವಮಾನಕ್ಕೆ ಹೆದರಿಯೇ. ಅಂಗಿಯ ಮೇಲೆ ಒಂದಿಷ್ಟು ನೇರಳೆ ಬಣ್ಣ ಉಳಿದರೆ ಆರೋಗ್ಯಕ್ಕೆ ಯಾವ ಕೇಡೂ ಇಲ್ಲ.